ನಮ್ಮ ಯಜಮಾನರ ಕೊಬ್ಬು

ಬೇರೆಯವರ ಮನೆಗೆ ಕಾಯಿಲೆ ಬಂದರೆ ಡಾಕ್ಟರು, ಔಷಧಿ, ಪಥ್ಯ ಎಂದು ಮುಗಿಯುತ್ತದೆ. ನಮ್ಮ ಮನೆಗೆ ಬಂದಾಗೆಲ್ಲ ಜೊತೆಗೊಂದು ನಗೆಪಾಟಲನ್ನೂ ಕರೆದುಕೊಂಡೇ ಬರುತ್ತದೆ. ನಾನು ಆ ಕಾಲದ ಬಿ.ಎಸ್ಸಿ.; ಕೆಮಿಸ್ಟ್ರಿಯಲ್ಲಿ ಕಾಲೇಜಿಗೇ ಮೊದಲು. ಮನೆಯವರೆಲ್ಲರ ರಿಪೋರ್ಟುಗಳನ್ನೂ ತಾರೀಕಿನ ಪ್ರಕಾರ ಫೈಲು ಮಾಡಿಟ್ಟಿದ್ದೇನೆ. ಆದ್ದರಿಂದ ಇಲ್ಲಿ ಬರೆದಿದ್ದನ್ನು ನಮ್ಮ ಯಜಮಾನರು ಅಲ್ಲಗಳೆದರೆ ದಯವಿಟ್ಟು ನಂಬಬೇಡಿ.

ಶುದ್ಧ ಕನ್ನಡದ ಡಾಕ್ಟರು

ಯಜಮಾನರು ಬ್ಯಾಂಕಿನಿಂದ ರಿಟೈರಾದ ಹೊಸದು. ಜಯನಗರದ ನಮ್ಮ ಹಳೇ ಡಾಕ್ಟರ ಜಾಗಕ್ಕೆ ಧಾರವಾಡದ ಕಡೆಯ ಚಿಕ್ಕ ವಯಸ್ಸಿನವರೊಬ್ಬರು ಬಂದಿದ್ದರು. ರೋಗಿಗಳ ಹತ್ತಿರ ಆದಷ್ಟೂ ಕನ್ನಡದಲ್ಲೇ ಮಾತಾಡಬೇಕೆಂಬುದು ಅವರ ನಿಯಮ. ರಕ್ತ ಪರೀಕ್ಷೆಯ ರಿಪೋರ್ಟ್ ತಿರುವಿ ನೋಡಿ, ಬಹಳ ಮರ್ಯಾದೆಯಿಂದ ಹೇಳಿದರು: "ಸರ, ನಿಮಗ ಕೊಬ್ಬು ಭಾಳ ಆಗೇದರಿ."

ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. ಮ್ಯಾನೇಜರಾಗಿದ್ದವನು ನಾನು, ಇಷ್ಟು ವರ್ಷದ ಸರ್ವೀಸಿನಲ್ಲಿ ಒಬ್ಬರೂ ಈ ಮಾತು ಆಡಿರಲಿಲ್ಲ ಎಂದರು. ಡಾಕ್ಟರು ಗಾಬರಿಯಾಗಿ ನನ್ನ ಮುಖ ನೋಡಿದರು.

"ಮದುವೆ ಆದಾಗಿನಿಂದ ನಾನು ಹೇಳ್ತಾನೇ ಇದೀನಿ ಡಾಕ್ಟ್ರೇ," ಅಂದೆ. "ರಿಪೋರ್ಟ್ ಈಗ ಬಂದಿದೆ."

ಜಿಡ್ಡಿನ ಸಂದೇಶ

ನಗು ಅಲ್ಲಿಗೆ ನಿಂತಿತು. ನಮ್ಮ ಮಾವನವರು ಎದೆನೋವಿನಲ್ಲೇ ಹೋದವರು. ತುಪ್ಪ ಬಿಡಿಸಿ, ವಾಕಿಂಗ್ ಮಾಡಿಸಿ, ಮೂರು ತಿಂಗಳಲ್ಲಿ ಕೊಬ್ಬು ಇಳಿಯದಿದ್ದರೆ ದೊಡ್ಡಾಸ್ಪತ್ರೆಗೆ ಸೇರಿಸಿ ಹೃದಯದ ರಕ್ತನಾಳಗಳನ್ನೇ ನೋಡಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಅಂದೇ ತುಪ್ಪದ ಡಬ್ಬ ಅಟ್ಟಕ್ಕೆ ಹೋಯಿತು.

ಮಗಳು ಆಗ ಪಿಎಚ್.ಡಿ. ಮಾಡುತ್ತಿದ್ದಳು. ಬೆರಳುದ್ದವೂ ಇಲ್ಲದ ಪಟ್ಟೆ ಮೀನುಗಳ ಮರಿಗಳಲ್ಲಿ ಹೃದಯ ಹೇಗೆ ರೂಪುಗೊಳ್ಳುತ್ತದೆ ಎಂದು ನೋಡುವುದು ಅವಳ ಕೆಲಸ. ಒಂದು ಭಾನುವಾರ ಊಟದ ಮೇಜಿನ ಮೇಲೆ ಎರಡು ಚಪಾತಿ ಚೂರಿಟ್ಟು ತೋರಿಸಿದಳು. ಹೃದಯ ಮೊದಲು ಎಡಕ್ಕೊಂದು ಬಲಕ್ಕೊಂದು ಭಾಗವಾಗಿರುತ್ತದಂತೆ. ಒಂದು ಬಗೆಯ ಜಿಡ್ಡಿನ ಕಣ ಸಂದೇಶ ಕೊಟ್ಟರೆ ಎರಡೂ ನಡುವಿಗೆ ಬಂದು ಒಂದಾಗುತ್ತವಂತೆ. ಸಂದೇಶ ತಪ್ಪಿದರೆ ಮರಿಗೆ ಎರಡು ಹೃದಯ, ಅಲ್ಲೊಂದು ಇಲ್ಲೊಂದು ಬಡಿಯುತ್ತಿರುತ್ತವಂತೆ.

ಯಜಮಾನರು ಯಾವತ್ತೂ ಇಷ್ಟು ಗಮನವಿಟ್ಟು ಕೇಳಿದ್ದಿಲ್ಲ. "ಅಂದ್ರೆ ಜಿಡ್ಡಿಲ್ಲದಿದ್ರೆ ಹೃದಯ ಕೂಡೋದೇ ಇಲ್ಲ?"

"ಕೂಡಲ್ಲಪ್ಪ, ಆದ್ರೆ ಆ ಜಿಡ್ಡು..."

"ಅಷ್ಟು ಸಾಕು. ಅದನ್ನೇ ನಿಮ್ಮಮ್ಮಂಗೆ ಒಂದ್ಸಲ ಬಿಡಿಸಿ ಹೇಳು."

ಆ ಕಣವನ್ನು ದೇಹವೇ ತಯಾರು ಮಾಡಿಕೊಳ್ಳುತ್ತದೆ, ತುಪ್ಪದ ಡಬ್ಬದಿಂದ ಬರುವುದಿಲ್ಲ ಎಂದು ಮಗಳು ಎಷ್ಟು ಹೇಳಿದರೂ ಅವರ ಕಣ್ಣು ಅಟ್ಟದ ಮೇಲೇ. ಕೊನೆಗೆ ನಾನೇ ಹೇಳಬೇಕಾಯಿತು: "ನಿಮ್ಮ ಹೃದಯ ಕೂಡಿ ಅರವತ್ತು ವರ್ಷ ಆಯ್ತುರೀ. ಈಗ ಕಟ್ಟಿಕೊಳ್ಳದೇ ಇದ್ರೆ ಸಾಕು."

ಮೀನದ ಫಲ

ನಮ್ಮ ಎದುರು ಮನೆ ಅಜ್ಜಿ ಬಹಳ ಮಡಿಯವರು. ಮಗಳು ಇಡೀ ದಿನ ಮೀನು ನೋಡುತ್ತಾಳೆ ಎಂದು ಅವರಿಗೆ ಹೇಗೋ ಗೊತ್ತಾಯಿತು. ಇನ್ನು ನಮ್ಮ ಮನೆಯ ನೀರೂ ಮುಟ್ಟಲಾರರು ಎಂದುಕೊಂಡೆ. ಅಜ್ಜಿ ಗೇಟಿನ ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಮೀನ ಒಂದೇನಾಮ್ಮ ಅವಳು ನೋಡೋದು? ನಂದು ಕನ್ಯಾ ರಾಶಿ."

ಉಪವಾಸ

ಮೂರು ತಿಂಗಳು ತುಂಬಿತು. ಎರಡನೇ ರಕ್ತ ಪರೀಕ್ಷೆಯ ದಿನ ಗ್ಯಾಸ್ ಸಿಲಿಂಡರ್ ಬರುವುದಿತ್ತು, ನಾನು ಜೊತೆಗೆ ಹೋಗಲಾಗಲಿಲ್ಲ. ಫಾಸ್ಟಿಂಗ್‌ನಲ್ಲಿ ಹೋಗಬೇಕು ಎಂದು ನೆನಪಿಸಿ ಕಳಿಸಿದೆ. ಸಂಜೆ ಡಾಕ್ಟರೇ ಫೋನ್ ಮಾಡಿದರು: ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮೊದಲಿಗಿಂತ ಎಷ್ಟೋ ಮೇಲೆ ಹೋಗಿದೆ, ತಕ್ಷಣ ಬನ್ನಿ. ಫೈಲು ಕಂಕುಳಲ್ಲಿಟ್ಟುಕೊಂಡು ಯಜಮಾನರ ಜೊತೆ ಆಟೋ ಹತ್ತಿದೆ; ದಾರಿಯುದ್ದಕ್ಕೂ ನನಗೆ ಮಾವನವರದೇ ನೆನಪು.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಬೆಳಿಗ್ಗೆ ಏನಾದರೂ ತಿಂದಿದ್ದಿರಾ ಎಂದು.

"ಛೆ, ಉಪವಾಸ ಡಾಕ್ಟ್ರೇ. ಒಂದಗುಳು ಅನ್ನ ಮುಟ್ಟಿಲ್ಲ."

"ಅನ್ನ ಬಿಟ್ಟು ಬ್ಯಾರೆ ಏನರ?"

"ಬೇರೆ ಅಂದ್ರೆ ಫಲಾಹಾರ. ಗೋಧಿರವೆ ಉಪ್ಪಿಟ್ಟು, ಸಬ್ಬಕ್ಕಿ ಪಾಯಸ, ಎರಡು ರಸಬಾಳೆ."

ಆಗಿದ್ದಿಷ್ಟು. ಬೆಳಿಗ್ಗೆ ಗೇಟು ದಾಟುತ್ತಿದ್ದಂತೆ ಎದುರು ಮನೆ ಅಜ್ಜಿ ಎಲ್ಲಿಗೆ ಎಂದು ಕೇಳಿದ್ದಾರೆ. ಇವತ್ತು ಉಪವಾಸ ಎಂದಿದ್ದಾರೆ ಇವರು. ಅವತ್ತು ಏಕಾದಶಿ. ಈ ಕಾಲದಲ್ಲೂ ಇಂಥ ಗಂಡಸರಿದ್ದಾರಲ್ಲ ಎಂದು ಅಜ್ಜಿಗೆ ಕಣ್ಣು ತುಂಬಿ ಬಂದು, ಒಳಗೆ ಕೂರಿಸಿ, ಉಪವಾಸದವರಿಗೆ ಏನೇನು ಆಗುತ್ತದೋ ಅಷ್ಟನ್ನೂ ಬಡಿಸಿದ್ದಾರೆ. ಮೇಲೆ ತುಪ್ಪ, ಅದೂ ಮನೆಯಲ್ಲೇ ಕಾಯಿಸಿದ್ದು.

ಮಾರನೆಯ ದಿನ ನಾನೇ ಕೈ ಹಿಡಿದು, ಎದುರು ಮನೆ ಕಡೆ ತಿರುಗಲು ಬಿಡದೆ, ನಿಜವಾದ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಕರೆದುಕೊಂಡು ಹೋದೆ. ರಿಪೋರ್ಟ್ ಬಂತು. ಎಲ್ಲವೂ ಇಳಿದಿತ್ತು. ದೊಡ್ಡಾಸ್ಪತ್ರೆ ಬೇಕಿಲ್ಲ ಎಂದರು ಡಾಕ್ಟರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ನಮ್ಮ ಯಜಮಾನರು ಕಾಲರ್ ಸರಿಮಾಡಿಕೊಂಡರು.

"ಕೊಬ್ಬು ಇಳಿದಿದೆ ಅಂತ ಕನ್ನಡದಲ್ಲೇ ಒಂದು ಚೀಟಿ ಬರೆದುಕೊಡಿ ಡಾಕ್ಟ್ರೇ. ಇವಳು ಫೈಲಲ್ಲಿ ಇಟ್ಕೊಳ್ಳಲಿ."

ಡಾಕ್ಟರು ಪೆನ್ನು ತೆಗೆದವರು ನನ್ನ ಕಡೆ ನೋಡಿ ನಿಲ್ಲಿಸಿದರು. "ಬರದು ಕೊಡ್ತೇನ್ರಿ ಸರ. ಆದ್ರ ನಂದು ರಕ್ತದಾಗಿನ ಕೊಬ್ಬಿಗೆ ಅಷ್ಟ. ಉಳದದ್ದಕ್ಕ ಅಮ್ಮಾರ ಸಹಿ ಬೇಕು."

ಚೀಟಿ ಫೈಲಿನಲ್ಲಿದೆ. ಡಾಕ್ಟರ ಸಹಿ ಇದೆ. ನಾನಿನ್ನೂ ಮಾಡಿಲ್ಲ.