ಭಾವನ ಬೇಸ್‌ಬಾಲ್ ಭಯಗಳು

ನನ್ನ ಭಾವ ಬೇಸ್‌ಬಾಲ್‌ಗೆ ಹೆದರುತ್ತಾರೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಾನೂ ಬಹಳ ಕಾಲ ನಕ್ಕವನೇ. ನನ್ನ ಅಕ್ಕನನ್ನು ಮದುವೆಯಾದ ಈ ಮಹಾನುಭಾವರು ಜೀವಮಾನದಲ್ಲಿ ಬೇಸ್‌ಬಾಲ್ ಬ್ಯಾಟು ಮುಟ್ಟಿದವರಲ್ಲ, ಮೈದಾನ ಕಂಡವರಲ್ಲ, ಅಮೆರಿಕದ ದಿಕ್ಕಿಗೆ ತಲೆ ಹಾಕಿ ಮಲಗಿದವರೂ ಅಲ್ಲ! ಆದರೆ ಅವರ ಹೆದರಿಕೆಗಳಲ್ಲಿ ಮುಕ್ಕಾಲುಪಾಲು ಆ ಆಟದಿಂದಲೇ ಬಂದದ್ದು.

ರೋಗ ಅಂಟಿದ್ದು ಅಬುಧಾಬಿಯಲ್ಲಿ. ಮಂಗಳೂರಿನಿಂದ ಬಂದ ಹೊಸತರಲ್ಲಿ ಭಾವ ಎಲೆಕ್ಟ್ರಾ ಸ್ಟ್ರೀಟಿನ ಟೀವಿ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್ ಆಗಿದ್ದರು. ಗೋಡೆ ತುಂಬ ಟೀವಿಗಳು. ಮಾಲೀಕರು ಯಾವುದೋ ಅಮೆರಿಕನ್ ಚಾನೆಲ್ ಹಾಕಿ ರಿಮೋಟನ್ನು ಜೇಬಿಗಿಳಿಸಿ ಹೋಗಿಬಿಡುತ್ತಿದ್ದರು. ಹುಲ್ಲಿನ ಹಸಿರು ಕಂಡರೆ ಗಿರಾಕಿ ಬೀಳುತ್ತಾನೆ ಎಂಬ ಲೆಕ್ಕಾಚಾರ. ಗಿರಾಕಿ ಬಿದ್ದನೋ ಇಲ್ಲವೋ, ಭಾವ ಬಿದ್ದರು. ಸ್ಕೋರು ಅವರ ತಲೆಗೆ ಹತ್ತಲಿಲ್ಲ. ನಡುನಡುವೆ ತೋರಿಸುತ್ತಿದ್ದ ಹಳೆಯ ಆಟಗಳ ವಿಚಿತ್ರ ಕಥೆಗಳು ಮಾತ್ರ ಹತ್ತಿದವು, ಇಳಿಯಲೇ ಇಲ್ಲ.

ಮೊದಲನೆಯದು ಪಾರಿವಾಳದ್ದು. ಒಬ್ಬ ಆಟಗಾರ ಮೈಯ ಶಕ್ತಿಯನ್ನೆಲ್ಲ ಹಾಕಿ ಚೆಂಡೆಸೆದನಂತೆ. ಅದೇ ಕ್ಷಣ ಎಲ್ಲಿಂದಲೋ ಹಾರಿ ಬಂದ ಪಾರಿವಾಳಕ್ಕೆ ಚೆಂಡು ಬಡಿದು, ಮೈದಾನದಲ್ಲಿ ಬರೀ ಪುಕ್ಕ! ಇದು ನಿಜವಾಗಿ ನಡೆದದ್ದು.

"ಅಷ್ಟು ದೊಡ್ಡ ಆಕಾಶ ಉಂಟು ಮಾರಾಯ. ಅದಕ್ಕೆ ಅಲ್ಲೇ ಹಾರ್ಬೇಕಿತ್ತಾ? ಹೇಳು! ಅದು ಬೆಳಿಗ್ಗೆ ಗೂಡಿಂದ ಹೊರಡುವಾಗ ಅದಕ್ಕೆ ಗೊತ್ತಿತ್ತಾ?"

ಹೀಗೆ ಕೇಳುತ್ತಾರೆ ಭಾವ. ಅಂದಿನಿಂದ ಭಾವನ ದೃಷ್ಟಿಯಲ್ಲಿ ನಾವೆಲ್ಲರೂ ಪಾರಿವಾಳಗಳೇ. ಈಗ ಅವರಿರುವ ದುಬೈಯ ಶೇಖ್ ಜಾಯೆದ್ ರೋಡಿನಲ್ಲಿ ಅವರ ಕಾರು ಬಲತುದಿಯ ನಿಧಾನದ ಲೇನಿನಲ್ಲಿ ತೆವಳುತ್ತದೆ. ಹಿಂದಿನಿಂದ ಲಾರಿಗಳು ಹಾರ್ನ್ ಬಾರಿಸುತ್ತವೆ. "ಬಾರಿಸ್ಲಿ," ಎನ್ನುತ್ತಾರೆ ಭಾವ, "ಜೀವ ಇದ್ರೆ ತಾನೆ ಕೇಳುದು?"

ಎರಡನೆಯದು ಗೆರೆ. ಬೇಸ್‌ಬಾಲ್ ಆಟಗಾರರಲ್ಲಿ ಬಹಳ ಮಂದಿ ಮೈದಾನದ ಅಂಚಿನ ಸುಣ್ಣದ ಗೆರೆಯನ್ನು ತುಳಿಯುವುದಿಲ್ಲ, ಜಿಗಿದು ದಾಟುತ್ತಾರಂತೆ, ತುಳಿದರೆ ಅಪಶಕುನ. ಕೋಟಿಗಟ್ಟಲೆ ಸಂಬಳ ಎಣಿಸುವವರೇ ಹೆದರುವಾಗ ನಮ್ಮ ಭಾವ ಬಿಡುತ್ತಾರೆಯೇ? ದುಬೈಯೋ, ಗೆರೆಗಳದ್ದೇ ಊರು! ಪಾರ್ಕಿಂಗಿನಲ್ಲಿ ಗೆರೆ, ಮಾಲಿನಲ್ಲಿ ಗೆರೆ, ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ಹಳದಿ ಗೆರೆ. ಬೋಳುತಲೆಯ, ಹೊಟ್ಟೆ ಬಂದ ಗಂಭೀರ ಮನುಷ್ಯರೊಬ್ಬರು ಆಫೀಸು ಬ್ಯಾಗು ಎದೆಗವಚಿಕೊಂಡು ಟಣ್ಣನೆ ಜಿಗಿದು ಮೆಟ್ರೋ ಹತ್ತುವುದನ್ನು ನೀವು ಕಂಡಿದ್ದರೆ, ಅವರೇ ನನ್ನ ಭಾವ. ಒಮ್ಮೆ ಸೆಕ್ಯುರಿಟಿಯವನು ಓಡಿ ಬಂದು, "ಸರ್, ಪಾಂವ್ ಮೇ ದರ್ದ್ ಹೈ?" ಎಂದು ಕಾಲುನೋವು ವಿಚಾರಿಸಿದ. ಪಾಪ, ಗಾಲಿಕುರ್ಚಿಯನ್ನೂ ತಂದಿದ್ದ.

ಆಡಿನ ಕಥೆಯಂತೂ ಅಕ್ಕನ ಸಂಸಾರಕ್ಕೇ ಬಂದು ಕುಳಿತಿತು. ಯಾರೋ ಒಬ್ಬ ತನ್ನ ಸಾಕಿದ ಆಡನ್ನು ಆಟ ನೋಡಲು ಕರೆದುಕೊಂಡು ಹೋದನಂತೆ. ಒಳಗೆ ಬಿಡಲಿಲ್ಲ. ಅವನು ಶಾಪ ಹಾಕಿದ. ಆ ತಂಡ ದಶಕಗಟ್ಟಲೆ ಕಪ್ ಗೆಲ್ಲಲಿಲ್ಲ. ಅದನ್ನು ಕೇಳಿದ ಮೇಲೆ ಭಾವ ಬಾಗಿಲಿಗೆ ಬಂದ ಯಾರನ್ನೂ ಹಿಂದೆ ಕಳಿಸುವುದಿಲ್ಲ. ವ್ಯಾಕ್ಯೂಮ್ ಕ್ಲೀನರ್ ಮಾರುವವನು, ತಪ್ಪು ಮನೆಗೆ ಬಂದ ಪಿಜ್ಜಾದವನು, ಎಲ್ಲರಿಗೂ ಚಹಾ.

"ಖಲಾಸ್ ಮಾಡಿ ಇನ್ನು!" ಎಂದು ಅಕ್ಕ ಕೂಗಿದರೆ, "ಆಡನ್ನು ಹೊರಗೆ ಹಾಕಿದ್ದಕ್ಕೇ ಅಷ್ಟು ಶಾಪ ತಾಗಿದ್ರೆ ಮನುಷ್ಯರನ್ನು ಹಾಕಿದ್ರೆ ಎಷ್ಟು ತಾಗ್ಲಿಕ್ಕಿಲ್ಲ?" ಎಂದು ಇನ್ನೊಂದು ಲೋಟ ತೊಳೆಯುತ್ತಾರೆ.

ಹೀಗೆ ನಗುತ್ತಲೇ ಇದ್ದೆ. ಆಮೇಲೆ ಹೆದರುವ ಸರದಿ ನನ್ನದಾಯಿತು.

ನನ್ನ ಹೆಂಡತಿಗೆ ಎರಡು ಸಲ ಗರ್ಭ ನಿಂತು, ಎರಡು ಸಲವೂ ಹೋಗಿತ್ತು. ಮೂರನೆಯ ಸಲ ನಿಂತಾಗ ನಮಗೆ ಖುಷಿಪಡಲೂ ಧೈರ್ಯವಿರಲಿಲ್ಲ. ದುಬೈಯಲ್ಲೇ, ಡಿಸ್ಕವರಿ ಗಾರ್ಡನ್ಸಿನ ನಮ್ಮ ಪುಟ್ಟ ಫ್ಲಾಟಿನಲ್ಲಿ ಇಬ್ಬರೂ ಗಾಜಿನ ಮೇಲೆ ನಡೆದಂತೆ ನಡೆಯುತ್ತಿದ್ದೆವು. ಆಫೀಸಿನಲ್ಲಿದ್ದಾಗ ಅವಳ ಫೋನು ಬಂದರೆ ಎತ್ತುವ ಮೊದಲೇ ಕುರ್ಚಿಯಿಂದ ಎದ್ದುಬಿಡುತ್ತಿದ್ದೆ. ಅವಳು ಬಾತ್‌ರೂಮಿನಲ್ಲಿ ಸ್ವಲ್ಪ ತಡ ಮಾಡಿದರೆ ನಾನು ಬಾಗಿಲ ಹೊರಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ.

ಅಕ್ಕನಿಗೆ ತಿಳಿಸಿದೆವು. ಅಕ್ಕ ಅತ್ತಳು, ನಕ್ಕಳು, ಉಪ್ಪಿನಕಾಯಿ ಕಳಿಸಿದಳು. ಭಾವ?

ಭಾವ ಮಾತು ನಿಲ್ಲಿಸಿಬಿಟ್ಟರು!

ವಾರಕ್ಕೊಮ್ಮೆ ಬಂದು ನಮ್ಮ ತಲೆ ತಿನ್ನುತ್ತಿದ್ದ ಮನುಷ್ಯ ಈಗ ಬಂದರೂ ಸೋಫಾದ ತುದಿಯಲ್ಲಿ ಕುಳಿತು ಎಸಿಯ ಬಗ್ಗೆ ಮಾತನಾಡುತ್ತಾರೆ. ನನ್ನ ಹೆಂಡತಿ ಎದುರು ಬಂದರೆ ಎದ್ದು ಬಾಲ್ಕನಿಗೆ. ಹೇಗಿದ್ದೀ ಎಂದು ಒಂದು ಮಾತಿಲ್ಲ. ಅವಳ ಹೊಟ್ಟೆ ಕಾಣುವಷ್ಟು ಬೆಳೆದ ಮೇಲೂ, ಅದೊಂದು ಇಲ್ಲವೇ ಇಲ್ಲ ಎಂಬಂತೆ ಅವರ ಕಣ್ಣು ಸೀಲಿಂಗಿನಲ್ಲಿ!

"ನಿಮ್ಮ ಭಾವನಿಗೆ ನಾನೆಂತ ಮಾಡಿದ್ದೇನೆ?" ಎಂದು ಅವಳು ಒಂದು ದಿನ ಕೇಳಿದಳು. "ನನ್ನ ಮುಖ ನೋಡಿದ್ರೆ ಅಪಶಕುನ ಅಂತಲಾ?"

ಗೆರೆಗೂ ಆಡಿಗೂ ಹೆದರುವ ಮನುಷ್ಯ. ಅಲ್ಲ ಎಂದು ನಾನು ಹೇಗೆ ಹೇಳಲಿ? ಅವಳು ಅಡುಗೆಮನೆಗೆ ಹೋಗಿ ಅತ್ತಳು. ನನಗೆ ಭಾವನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಒಂಬತ್ತು ತಿಂಗಳು ತುಂಬಿತು. ಆಪರೇಷನ್ ಆಗಬೇಕು ಎಂದರು ಡಾಕ್ಟರು. ಮಧ್ಯಾಹ್ನ ಅವಳನ್ನು ಥಿಯೇಟರಿನ ಒಳಗೆ ಕರೆದೊಯ್ದರು. ಬಾಗಿಲ ಮುಂದೆ ನೆಲದಲ್ಲಿ ದಪ್ಪ ಕೆಂಪು ಗೆರೆ. ಅದರಾಚೆ ನಮಗೆ ಪ್ರವೇಶವಿಲ್ಲ. ನನ್ನ ಪಕ್ಕದಲ್ಲಿ ಅಕ್ಕ. ರಾಸ್ ಅಲ್ ಖೋರಿನ ಗ್ಯಾರೇಜಿನಲ್ಲಿ ಈಗ ಸ್ಟೋರ್ ನೋಡಿಕೊಳ್ಳುವ ಭಾವ ಗ್ರೀಸಿನ ಕೈಯಲ್ಲೇ ಓಡಿ ಬಂದರು. ಬಂದವರು ಬೆಂಚಿನ ಆ ತುದಿಯಲ್ಲಿ ನಮಗೆ ಬೆನ್ನು ಹಾಕಿ ಕುಳಿತರು.

ನನ್ನ ತಾಳ್ಮೆ ತಪ್ಪಿತು. "ಒಂದು ಮಾತಾಡಿದ್ರೆ ನಿಮ್ಮ ಗಂಟು ಹೋಗ್ತದಾ ಭಾವ?"

ಅವರು ಬೆಚ್ಚಿಬಿದ್ದು, ತುಟಿಯ ಮೇಲೆ ಬೆರಳಿಟ್ಟು, ಇನ್ನೂ ಆಚೆ ಸರಿದರು.

"ಅವರಿಗೆ ಬೈಬೇಡ," ಎಂದಳು ಅಕ್ಕ ಪಿಸುದನಿಯಲ್ಲಿ. "ಅದೂ ಅವರ ಆಟದ್ದೇ ಮಾರಾಯ. ಒಬ್ಬ ಚೆಂಡೆಸೆಯುವವ ಇಡೀ ಆಟ ಎದುರಿನವರಿಗೆ ಒಂದೂ ಹೊಡೆತ ಹೊಡೀಲಿಕ್ಕೆ ಬಿಡದೆ ಹೋಗ್ತಾ ಇದ್ರೆ, ಅವನ ಕಡೆಯವರು ಅದರ ಸುದ್ದಿ ಎತ್ತುದಿಲ್ವಂತೆ. ಅವನ ಹತ್ರ ಕೂರುದೂ ಇಲ್ವಂತೆ. ಬಾಯಿ ಬಿಟ್ರೆ ಮುರೀತದೆ ಅಂತ ಹೆದರಿಕೆ. ಅವರ ಆಟಕ್ಕೆ ಒಂಬತ್ತು ಇನ್ನಿಂಗ್ಸ್, ಅದು ಮುಗಿಯುವ ತನಕ. ಮೊದಲ ಎರಡು ಸಲ ಎಲ್ಲರಿಗಿಂತ ಮುಂಚೆ ತೊಟ್ಟಿಲಿನ ಮಾತು ಎತ್ತಿದ್ದು ತಾನೇ ಅಂತ ಇವರಿಗೆ ನಿದ್ರೆ ಇಲ್ಲ. ದಿನಾ ನನ್ನ ಹತ್ರ ಕೇಳ್ತಾರೆ, ಅವಳು ಊಟ ಮಾಡಿದ್ಲಾ ಅಂತ."

ಎದ್ದು ಅವರ ಪಕ್ಕ ಕೂರೋಣವೆನಿಸಿತು. ಆದರೆ ಕೂರಲಿಲ್ಲ. ಏಕೆಂದರೆ, ನೀವು ನಕ್ಕರೂ ಸರಿಯೇ, ಆಗ ನನಗೂ ಹೆದರಿಕೆಯಾಯಿತು. ಮುರಿದುಬಿಟ್ಟರೆ? ಮೂವರೂ ಬಾಯಿ ಮುಚ್ಚಿ ಬಾಗಿಲನ್ನೇ ನೋಡುತ್ತ ಕುಳಿತೆವು.

ಬಾಗಿಲು ತೆರೆಯಿತು. "ಗರ್ಲ್ ಬೇಬಿ. ಮದರ್ ಓಕೆ," ಎಂದಳು ನರ್ಸ್. ಹಿಂದೆಯೇ ಸ್ಟ್ರೆಚರ್ ಬಂತು. ಅದರ ಮೇಲೆ ಬಿಳಿಚಿಕೊಂಡ ನನ್ನ ಹೆಂಡತಿ, ಅವಳ ತೋಳಿನಲ್ಲಿ ಬಟ್ಟೆಯ ಪುಟ್ಟ ಗಂಟು.

ನಾನು ಏಳುವ ಮೊದಲೇ ಭಾವ ಓಡಿದರು. ಓಡಿ ಎಲ್ಲಿ ನಿಂತರು ಗೊತ್ತೇ? ಕೆಂಪು ಗೆರೆಯ ಮೇಲೆ! ಎರಡೂ ಕಾಲೂರಿ, ನಟ್ಟನಡುವೆ! ಗೆರೆಯ ಮೇಲೆ ನಿಂತಿದ್ದೇನೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಕಣ್ಣೀರು ಗ್ರೀಸಿನ ಕೈಯಲ್ಲಿ ಒರೆಸಿಕೊಂಡು ಮುಖವೆಲ್ಲ ಕಪ್ಪಾಗಿತ್ತು. ಬಸುರಿಯನ್ನು ಕೇಳಬೇಕಾದ್ದು, ಒಂಬತ್ತು ತಿಂಗಳಿಂದ ಗಂಟಲಲ್ಲಿ ಹಿಡಿದಿಟ್ಟದ್ದೆಲ್ಲ ಒಂದೇ ಉಸಿರಿಗೆ ಹೊರಬಂತು.

"ಹೇಗಿದ್ದಿ ತಂಗೀ? ಊಟ ಸೇರ್ತದಾ? ವಾಂತಿ ಉಂಟಾ? ಹುಳಿ ತಿನ್ಬೇಕು ಅಂತ ಆಗ್ತದಾ? ಎಂತ ಬೇಕು ಹೇಳು, ತರ್ತೇನೆ."

ನನ್ನ ಹೆಂಡತಿ ಮಗುವನ್ನು ಎದೆಗೊತ್ತಿಕೊಂಡು ಅವರನ್ನೇ ನೋಡಿದಳು. ಅವಳ ಕಣ್ಣೂ ತುಂಬಿ ಹರಿಯಿತು.

"ವಾಂತಿ ಈಗ ಕಡಿಮೆ ಅಣ್ಣ," ಎಂದಳು. "ಹುಳಿ ತಿನ್ಬೇಕು ಅಂತ ಆಗ್ತದೆ."