ಒಂದು ಕೀ, ಒಂದೇ ವ್ಯಾಲ್ಯೂ

ಕೆಲವರ ಕೆಲಸ ಏನೆಂದು ಒಂದೇ ಮಾತಿನಲ್ಲಿ ಹೇಳಬಹುದು. ನನ್ನದನ್ನು ವಿವರಿಸಲು ಹೋದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಮನೆ ಡೊಂಬಿವಲಿಯಲ್ಲಿ, ಕೆಲಸ ಮಹಾಪೆಯ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿ. ದೊಡ್ಡ ಕಂಪನಿಗಳು ದೊಡ್ಡ ಡೇಟಾಬೇಸ್ ಕಟ್ಟುತ್ತವೆ. ನಾವು ಅಂಗಡಿಗೆ, ಹೋಟೆಲಿಗೆ, ಸಂಘಕ್ಕೆ ಪುಟ್ಟ ಫೈಲುಗಳನ್ನು ಕಟ್ಟಿಕೊಡುತ್ತೇವೆ. ಒಂದು ಗುರುತು ಹೇಳಿ ಮಾಹಿತಿ ಒಳಗಿಡುವುದು, ಅದೇ ಗುರುತು ಹೇಳಿ ಹೊರತೆಗೆಯುವುದು, ಅಷ್ಟೆ. ಗುರುತಿಗೆ ಕೀ ಎನ್ನುತ್ತೇವೆ, ಮಾಹಿತಿಗೆ ವ್ಯಾಲ್ಯೂ. ಒಳಗಿನ ಫೈಲು ಯಾವ ಜಾತಿಯದಾದರೂ ತೆರೆಯುವ, ಇಡುವ, ತೆಗೆಯುವ, ಮುಚ್ಚುವ ಆಜ್ಞೆಗಳು ಅವವೇ. ಇಷ್ಟು ಸರಳವಾದದ್ದರಿಂದ ಇಷ್ಟೊಂದು ಗೋಳು ಹುಟ್ಟಬಹುದೆಂದು ನನಗೆ ಕಲಿಸಿದವರಾರೂ ಹೇಳಿರಲಿಲ್ಲ.

ಪಕ್ಕದ ಮನೆಯ ಬಾಗಿಲು

ನಮ್ಮ ಪಕ್ಕದ ಮನೆಯ ಆಂಟಿ ಉಡುಪಿ ಕಡೆಯವರು. ಒಂದು ರವಿವಾರ ಮಧ್ಯಾಹ್ನ ಬೆಲ್ ಒತ್ತಿದವರು ಬಿಡಲೇ ಇಲ್ಲ.

"ಸ್ವಲ್ಪ ಬನ್ನಿ ಮಾರಾಯ್ರೆ! ಗಾಳಿಗೆ ಬಾಗಿಲು ಹಾಕಿಕೊಂಡಿತು. ಚಾವಿ ಒಳಗೆ ಉಂಟು."

"ಚಾವಿವಾಲಾನನ್ನು ಕರೆಸೋಣ ಆಂಟಿ."

"ಅವ ಯಾಕೆ? ನೀವೇ ಅಲ್ವಾ ಹೇಳಿದ್ದು, ಮಹಾಪೆಯಲ್ಲಿ ಕೀ ಕೆಲಸ ಅಂತ?"

"ಅಯ್ಯೋ, ಅದು ಕಂಪ್ಯೂಟರಿನ ಕೀ."

"ಯಾವುದಾದರೇನು? ಕೀ ಕೊಟ್ಟರೆ ಒಳಗಿಟ್ಟದ್ದು ಹೊರಗೆ ಬರ್ತದೆ ಅಂದಿದ್ರಲ್ಲ. ನಮ್ಮವರು ಒಳಗೆ ಮಲಗಿದ್ದಾರೆ. ನಾನು ಬೆಲ್ ಒತ್ತಿ ಒತ್ತಿ ಸಾಕಾಯಿತು, ನೀವು ಹೊರಗೆ ತನ್ನಿ!"

ನಾನೂ ಬಾಗಿಲು ಬಡಿದೆ, ಕೂಗಿದೆ. ಒಳಗಿನಿಂದ ಗೊರಕೆಯೊಂದೇ ಉತ್ತರ. "ಆಂಟಿ, ಕೆಲವು ವ್ಯಾಲ್ಯೂ ಯಾವ ಕೀಗೂ ಬರುವುದಿಲ್ಲ" ಎಂದೆ.

"ಇದು ನನಗೆ ಮದುವೆಯಾದ ವರ್ಷವೇ ಗೊತ್ತುಂಟು" ಎಂದರು ಆಂಟಿ.

ಯೋಚನೆ ಮಾಡುವ ಯಂತ್ರ

ಕಲ್ಯಾಣದಲ್ಲಿ ಗದಗ ಕಡೆಯ ಸಾವಕಾರರೊಬ್ಬರ ಬೇರಿಂಗ್ ಅಂಗಡಿ. ಭಾವಮೈದುನನ ಜೊತೆ ಪಾಲುದಾರಿಕೆ. ಬೇರಿಂಗಿನ ನಂಬರ್ ಒತ್ತಿದರೆ ಅದು ಯಾವ ಕಪಾಟಿನಲ್ಲಿದೆ ಎಂದು ಹೇಳುವ ಪ್ರೋಗ್ರಾಮ್ ಅವರಿಗೆ ಬೇಕಿತ್ತು. ನಮ್ಮ ಫೈಲಿಗೆ ಹೇಳಿ ಮಾಡಿಸಿದ ಕೆಲಸ. ಆದರೆ ನಮ್ಮ ಬಾಸ್‌ಗೆ ಯಾವುದನ್ನೂ ಅದರ ಹೆಸರಿನಿಂದ ಕರೆಯುವ ಅಭ್ಯಾಸವಿಲ್ಲ.

"ಇದು ಎಐ ಸರ್" ಎಂದರು.

"ಅಂದ್ರ ಇದು ವಿಚಾರ ಮಾಡತೈತೇನ್ರಿ?"

"ಬಿಲ್‌ಕುಲ್! ನಿಮ್ಮ ಅಂಗಡಿ ನಿಮಗಿಂತ ಚೆನ್ನಾಗಿ ಇದಕ್ಕೆ ಗೊತ್ತಿರುತ್ತೆ."

ನಾನು ಟೇಬಲ್ ನೋಡುತ್ತ ಕುಳಿತೆ. ಸಾವಕಾರರು ಒಂದು ನಂಬರ್ ಒತ್ತಿದರು. ಕಪಾಟು ಬಂತು. ಖುಷಿಯಾಗಿ, "ಹ್ಯಾಂಗದೀಯಪಾ?" ಎಂದು ಟೈಪ್ ಮಾಡಿದರು. "ಇಲ್ಲ" ಎಂದಿತು ಯಂತ್ರ. ಆ ಕೀ ಫೈಲಿನಲ್ಲಿ ಇಲ್ಲವೆಂದು ಅದರ ಅರ್ಥ.

"ಆರಾಮ ಇಲ್ಲಂತ್ರಿ" ಎಂದು ಸಾವಕಾರರು ಗಾಬರಿಯಾದರು.

"ಇನ್ನೂ ಕಲೀತಾ ಇದೆ ಸರ್" ಎಂದ ಬಾಸ್, ನನ್ನ ಕಡೆ ತಿರುಗಿ ಕಣ್ಣು ಬಿಟ್ಟರು. ನಾನು ಅಲ್ಲೇ ಕುಳಿತು "ಹ್ಯಾಂಗದೀಯಪಾ" ಎಂಬ ಕೀಗೆ "ಆರಾಮ ಅದೀನ್ರಿ" ಎಂಬ ವ್ಯಾಲ್ಯೂ ಹಾಕಿದೆ. ಸಾವಕಾರರ ಹೆಸರಿಗೆ "ಮಾಲಕರಿಗೆ ಶರಣು" ಎಂದು ಹಾಕಿದೆ. ಅವರು ತಮ್ಮ ಹೆಸರು ಒತ್ತಿ ನೋಡಿ ಕೈ ಮುಗಿದೇಬಿಟ್ಟರು. ಆಮೇಲೆ ಏನೋ ಹೊಳೆದು ಭಾವಮೈದುನನ ಹೆಸರು ಒತ್ತಿದರು.

"ಇಲ್ಲ" ಎಂದಿತು ಯಂತ್ರ.

ಸಾವಕಾರರು ಕುರ್ಚಿ ಬಿಟ್ಟು ಎದ್ದೇ ನಿಂತರು. "ಖರೇ ಎಐ ನೋಡ್ರಿ ಇದು! ಅವ ಅಂಗಡ್ಯಾಗ ಯಾವತ್ತೂ ಇರೂದಿಲ್ಲ ಅನ್ನೂದು ಒಂದ ತಾಸಿನ್ಯಾಗ ತಿಳಕೊಂಡೈತಿ!"

ಒಳಗೆ ಯಾವ ಭಾಷೆ?

ಮುಂಬ್ರಾದಿಂದ ಬರುವ ಹೊಸ ಹುಡುಗಿಯೊಬ್ಬಳು ಆಫೀಸಿಗೆ ಸೇರಿದಳು. ಮನೆಮಾತು ತುಳು, ಹುಟ್ಟಿದ್ದು ಇಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಹಿಂದಿಯಲ್ಲಿ ಕೇಳಿದರೆ ಮರಾಠಿ. ಬಾಸ್ ಬಂದರೆ ಇಂಗ್ಲಿಷು.

"ಅಲ್ಲಮ್ಮಾ, ನಿನ್ನ ಒಳಗೆ ನಿಜವಾಗಿ ಇರೋದು ಯಾವ ಭಾಷೆ?" ಎಂದು ಕೇಳಿದೆ.

"ಪತಾ ನಹೀ ಮ್ಯಾಮ್. ಜೋ ಪೆಹ್ಲೇ ಮಿಲ್ ಜಾಯೇ."

ಗೊತ್ತಿಲ್ಲ, ಮೊದಲು ಯಾವುದು ಸಿಗುತ್ತೋ ಅದೇ ಅಂತೆ. ನಮ್ಮ ಪ್ರೋಗ್ರಾಮುಗಳೂ ಹೀಗೆಯೇ. ಯಂತ್ರದಲ್ಲಿ ಮೊದಲು ಯಾವ ಜಾತಿಯ ಫೈಲು ಸಿಕ್ಕಿತೋ ಅದರಲ್ಲೇ ಬರೆದುಕೊಳ್ಳುತ್ತವೆ. ಅವಳಿಗೆ ತರಬೇತಿ ಅಲ್ಲಿಗೆ ಮುಗಿಯಿತು.

ಅಧ್ಯಕ್ಷರು ಮುಚ್ಚಲಿಲ್ಲ

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ. ವೇದಿಕೆಯ ಯಾವ ಕುರ್ಚಿಯಲ್ಲಿ ಯಾರು ಎಂಬುದನ್ನು ನಮ್ಮ ಫೈಲಿಗೆ ಹಾಕಿದ್ದರು. ಈ ಫೈಲಿನ ಸ್ವಭಾವವೆಂದರೆ, ತಿದ್ದಲೆಂದು ಒಬ್ಬರು ತೆರೆದು ಕುಳಿತರೆ ಅವರು ಮುಚ್ಚುವ ತನಕ ಇನ್ನೊಬ್ಬರು ಕೈಹಾಕುವಂತಿಲ್ಲ. ಇದು ಅಧ್ಯಕ್ಷರಿಗೆ ಹೇಗೋ ತಿಳಿಯಿತು. ಬೆಳಿಗ್ಗೆಯೇ ತೆರೆದು, ಕಾರ್ಯದರ್ಶಿಯ ಕುರ್ಚಿಯನ್ನು ಹಿಂದಿನ ಸಾಲಿಗೆ ತಳ್ಳಿ, ಮುಚ್ಚದೆ ಊಟಕ್ಕೆ ಹೋದರು.

ಕಾರ್ಯದರ್ಶಿ ನನಗೆ ಫೋನ್ ಮಾಡಿದರು. "ಅವರನ್ನು ಇಳಿಸುವುದು ಹೇಗೆ?"

"ಅವರೇ ಮುಚ್ಚಬೇಕು ಸರ್."

"ಅವರು ಬಿಡುವ ಜಾತಿಯೇ ಅಲ್ಲ. ಸಂಘದ ಕುರ್ಚಿಯಲ್ಲೇ ನೋಡ್ತಾ ಇದ್ದೇವಲ್ಲ! ಚುನಾವಣೆ ಗಿನಾವಣೆ ಇಲ್ಲವಾ ನಿಮ್ಮ ಫೈಲಿನಲ್ಲಿ?"

ಇಲ್ಲವೆಂದೆ. ಅವರು ನೇರವಾಗಿ ಸಂಘದ ಆಫೀಸಿಗೆ ಹೋಗಿ ಕರೆಂಟಿನ ಮೇನ್ ಸ್ವಿಚ್ ಆರಿಸಿದರು. ಅರ್ಧ ಬರೆದಿದ್ದ ಫೈಲು ಕೆಟ್ಟುಹೋಯಿತು. ಸಂಜೆ ಯಾರ ಹೆಸರಿಗೂ ಕುರ್ಚಿಯಿಲ್ಲ. ಹೆಸರಿಲ್ಲದಿದ್ದರೆ ಎಲ್ಲರಿಗೂ ಹಕ್ಕು ತಾನೆ? ಅಧ್ಯಕ್ಷರು ಹತ್ತಿದರು, ಕಾರ್ಯದರ್ಶಿ ಹತ್ತಿದರು, ಸಮಿತಿ ಹತ್ತಿತು, ಮಾಜಿ ಸಮಿತಿಯೂ ಹತ್ತಿತು. ಕೆಳಗೆ ಕುಳಿತು ಚಪ್ಪಾಳೆ ತಟ್ಟಲು ಉಳಿದದ್ದು ನಾನು ಮತ್ತು ಮೈಕಿನವನು. ಅವನಿಗೆ ಕನ್ನಡ ಬರುತ್ತಿರಲಿಲ್ಲ.

ಒಂದೇ ನಂಬರಿನ ಮನೆ

ಹುಬ್ಬಳ್ಳಿ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಕಲ್ಯಾಣದಲ್ಲಿ ವಧೂವರರ ಕೇಂದ್ರ ನಡೆಸುತ್ತಾರೆ. ಎಲ್ಲರೂ ಅವರನ್ನು ಬಾಯಾರು ಎನ್ನುತ್ತಾರೆ. ಅವರ ಪ್ರೋಗ್ರಾಮಿಗೆ ಮೊಬೈಲ್ ನಂಬರೇ ಕೀ ಆಗಲಿ ಎಂದು ಬಾಸ್ ಹಟ ಹಿಡಿದರು.

"ಸರ್, ಮದುವೆ ವಿಷಯದಲ್ಲಿ ಮನೆಮಂದಿಗೆಲ್ಲ ಅಪ್ಪನ ನಂಬರೇ ಕೊಡ್ತಾರೆ" ಎಂದೆ.

"ಟೆಕ್ನಿಕಲ್ ಮೀಟಿಂಗ್‌ನಲ್ಲಿ ಫ್ಯಾಮಿಲಿ ವಿಷಯ ತರಬೇಡಿ" ಎಂದರು.

ಅಲ್ಲೇ ಕಲ್ಯಾಣದ ಬ್ಯಾಂಕ್ ಅಧಿಕಾರಿಯೊಬ್ಬರು ಮಗಳ ಹೆಸರನ್ನು ತಮ್ಮ ನಂಬರಿನಲ್ಲಿ ದಾಖಲಿಸಿದರು. ಠಾಣೆ ಊರಿನ ಒಂದು ಮನೆಯವರು ಮೆಚ್ಚಿದರು. ರವಿವಾರ ಸಂಜೆ ಹುಡುಗಿ ನೋಡಲು ಬರುವುದೆಂದಾಯಿತು. ಅಷ್ಟರಲ್ಲಿ ಅಧಿಕಾರಿಗಳು ಮಗನ ಹೆಸರನ್ನೂ ಅದೇ ನಂಬರಿನಲ್ಲಿ ಕೊಟ್ಟರು. ನಮ್ಮ ಫೈಲಿನಲ್ಲಿ ಒಂದು ಕೀಗೆ ಒಂದೇ ವ್ಯಾಲ್ಯೂ. ಹೊಸದು ಬಂದರೆ ಹಳೆಯದು ಸದ್ದಿಲ್ಲದೆ ಹೋಗುತ್ತದೆ. ಮಗಳು ಹೋದಳು, ಠಾಣೆಯವರು ಬರುವ ಸುದ್ದಿಯೂ ಅವಳ ಜೊತೆಗೇ ಹೋಯಿತು. ಬಾಯಾರು ಘಣಸೋಲಿಯ ಹುಡುಗಿಯೊಬ್ಬಳಿಗೆ ವರ ಹುಡುಕಿದಾಗ ಆ ನಂಬರಿನಲ್ಲಿ ಕಂಡದ್ದು ಮಗನೊಬ್ಬನೇ.

ಹುಡುಗನನ್ನು ನೋಡಲು ಘಣಸೋಲಿಯವರನ್ನು ಒಪ್ಪಿಸಿ, ಬಾಯಾರು ಅಧಿಕಾರಿಗಳಿಗೆ ಫೋನ್ ಮಾಡಿ, "ಐತವಾರ ಸಂಜಿಕೆ ಬರ್ತಾರ್ರಿ" ಎಂದರು.

"ಗೊತ್ತೈತ್ರಿ, ಮದಲ ಹೇಳೀರಲ್ಲ" ಎಂದು ಅವರು ಫೋನ್ ಇಟ್ಟರು.

ರವಿವಾರ ಠಾಣೆಯವರು ಹುಡುಗನೊಂದಿಗೆ ಬಂದು ಕುಳಿತರು. ಹಿಂದೆಯೇ ಮತ್ತೆ ಬೆಲ್. ಘಣಸೋಲಿಯವರು. ಎರಡೆರಡು ಸಲ ಲೋಕಲ್ ರೈಲು ಹತ್ತಿಳಿಯುವುದು ಬೇಡವೆಂದು ಹುಡುಗಿಯನ್ನೂ ಕರೆತಂದಿದ್ದರು. ಜಾಗವಿಲ್ಲದೆ ಠಾಣೆಯ ಹುಡುಗನ ಪಕ್ಕದಲ್ಲೇ ಅವಳನ್ನು ಕೂರಿಸಿದರು. ಅಷ್ಟರಲ್ಲಿ ಅಧಿಕಾರಿಗಳ ಮಗಳು ಅವಲಕ್ಕಿ ತಂದಳು.

ಘಣಸೋಲಿಯ ತಾಯಿ, "ಹುಡುಗನ ತಂಗಿ ಎಷ್ಟ ಶಾಣ್ಯಾ ಅದಾಳ!" ಎಂದರು.

ಠಾಣೆಯ ತಾಯಿ ಸೋಫಾದ ಕಡೆ ನೋಡಿ, "ಹುಡುಗಿ ಫೋಟೋದಕ್ಕಿಂತ ಛಂದ ಅದಾಳ" ಎಂದರು.

ಅಧಿಕಾರಿಗಳು ಹೊರಗಿನ ಗ್ಯಾಲರಿಗೆ ಓಡಿ ಬಾಯಾರಿಗೆ ಫೋನ್ ಹಚ್ಚಿದರು. ಬಾಯಾರು ನನಗೆ ಹಚ್ಚಿದರು.

"ಒಬ್ಬರನ್ನಾದರೂ ಏನಾದರೂ ಹೇಳಿ ವಾಪಸ್ ಕಳಿಸಲು ಹೇಳಿ" ಎಂದೆ.

"ಯಾರನ್ನ ಕಳಸೂದು ತಂಗಿ? ಆ ಎರಡೂ ಮನಿಯವರು ಆಗಲೇ ಜಾತಕ ಕೂಡಸಾಕತ್ತಾರಂತ!"

ಠಾಣೆಯ ಹುಡುಗ, ಘಣಸೋಲಿಯ ಹುಡುಗಿ ಒಪ್ಪಿಕೊಂಡರು. ಅಧಿಕಾರಿಗಳ ಮಗ, ಮಗಳು ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ಹಚ್ಚಿಕೊಂಡು ನಗುತ್ತಿದ್ದರಂತೆ. ಮುಂದೆ ಡೊಂಬಿವಲಿಯಲ್ಲಿ ಅವರ ಮದುವೆ ಜೋರಾಗಿಯೇ ಆಯಿತು. ಆದರೆ ಆ ರವಿವಾರದ ಮರುದಿನವೇ ಅಧಿಕಾರಿಗಳು ನಮ್ಮ ಆಫೀಸಿಗೆ ಬಂದು, "ನಮ್ಮ ಮನಿ ಏನು ಮಂಗಲ ಕಾರ್ಯಾಲಯ ಏನ್ರೀ?" ಎಂದು ಕೂಗಾಡಿದರು. ಬಾಸ್‌ಗೆ ತುರ್ತಾಗಿ ಒಂದು ಕಾಲ್ ಬಂತು. ನಾನು ಅಂದೇ ಕುಳಿತು ಒಬ್ಬೊಬ್ಬರಿಗೆ ಒಂದೊಂದು ಬೇರೆ ಕೀ ಬರುವಂತೆ ಎಲ್ಲ ತಿದ್ದಿದೆ.

ಮದುವೆಯಾಗಿ ಕೆಲವು ದಿನಗಳ ಮೇಲೆ ಬಾಯಾರು ಖುದ್ದಾಗಿ ಮಹಾಪೆಗೆ ಬಂದರು. ಮುಖ ಸಪ್ಪಗಿತ್ತು.

"ಯಾಕೆ ಬಾಯಾರೆ, ಪ್ರೋಗ್ರಾಮ್ ಮತ್ತೆ ತಪ್ಪಿತಾ?"

"ತಪ್ಪವಲ್ದು ತಂಗಿ, ಅದ ತ್ರಾಸ ಆಗೇತಿ. ಆ ಮದವಿ ಸುದ್ದಿ ಕೇಳಿ ಮಂದಿ ಪಾಳೆ ಹಚ್ಯಾರ. ಎಲ್ಲಾರದೂ ಒಂದ ಮಾತು, 'ಬಾಯಾರ, ನಮ್ಮನ್ನೂ ಹಂಗ ತಪ್ಪ ಮನಿಗೆ ಕಳಸ್ರಿ!'"