ಹದಿನೇಳನೇ ನಿಮಿಷಕ್ಕೆ ಕಣ್ಣು ಮುಚ್ಚುವ ಮೋಡೆಮ್ ಅವರಿಗೆ

ನಮ್ಮ ಮನೆಯ ಹೊಲಿಗೆ ಕೋಣೆಯಲ್ಲಿ, ಬಾಗಿಲಿನ ಪಕ್ಕದ ಗೋಡೆಯ ಮೇಲೆ, ಮನುಷ್ಯರಾದವರು ತಲೆಯೆತ್ತಿಯೇ ನೋಡಬೇಕಾದ ಎತ್ತರದಲ್ಲಿ ವಿರಾಜಮಾನರಾಗಿರುವ ಮೋಡೆಮ್ ಮಹಾಶಯರ ಸನ್ನಿಧಾನಕ್ಕೆ, ಅದೇ ಮನೆಯ ಯಜಮಾನನೆಂದು ಬಾಗಿಲಿನ ಫಲಕದಲ್ಲಷ್ಟೇ ಹೆಸರಿರುವ ಬಡಪಾಯಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ. ಏಕೆಂದರೆ ತಮ್ಮ ಆರೋಗ್ಯ ವಿಚಾರಿಸಲು ಕಂಪನಿಯವರ ಜಾಲತಾಣಕ್ಕೆ ಹೋಗಬೇಕು, ಅಲ್ಲಿಗೆ ಹೋಗಲು ತಮ್ಮ ಮೂಲಕವೇ ಹಾದು ಹೋಗಬೇಕು, ತಾವು ಆರೋಗ್ಯವಾಗಿದ್ದರೆ ಮಾತ್ರ ಅದು ಸಾಧ್ಯ. ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ನಾನು ಮೂವತ್ತೆರಡು ವರ್ಷದ ಸರ್ಕಾರಿ ನೌಕರಿಯಲ್ಲೂ ಕಂಡಿಲ್ಲ. ನಾನು ವಿದ್ಯುತ್ ಇಲಾಖೆಯಲ್ಲಿ ಮೀಟರ್ ರೀಡರ್ ಆಗಿದ್ದವನು. ಮನೆಮನೆಯ ಹೊಸ್ತಿಲಲ್ಲಿ ನಿಂತು, ಒಳಗೆ ಯಾರೂ ಇಲ್ಲದ ಕೋಣೆಯಲ್ಲಿ ಉರಿಯುತ್ತಿರುವ ದೀಪಗಳನ್ನು ಕಂಡು ಹೊಟ್ಟೆ ಉರಿಸಿಕೊಂಡವನು. ಅದಕ್ಕೇ ನಮ್ಮ ಮನೆಯಲ್ಲಿ ಖಾಲಿ ಕುರ್ಚಿಗೆ ಫ್ಯಾನು ತಿರುಗುವುದಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಇದನ್ನೇಕೆ ಹೇಳಿದೆನೆಂದರೆ, ಕರೆಂಟಿನ ಮೇಲೆ ಬದುಕುವ ಜೀವಿಗಳ ಸ್ವಭಾವ ನನಗೆ ಚೆನ್ನಾಗಿ ಗೊತ್ತು ಎಂದು ತಮಗೆ ತಿಳಿದಿರಲಿ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಾಕೆ ಮೂವತ್ತು ವರ್ಷದಿಂದ ಹೊಲಿಗೆ ಕೆಲಸ ಮಾಡುತ್ತಿರುವವಳು. ಶರ್ಟಿನ ಕಾಲರ್ ಕೂರಿಸುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ ಎಂದು ಉಳಿದ ದರ್ಜಿಗಳೇ ಒಪ್ಪುತ್ತಾರೆ, ಒಬ್ಬ ದರ್ಜಿ ಇನ್ನೊಬ್ಬರ ಬಗ್ಗೆ ಹೀಗೆ ಒಪ್ಪುವುದು ಎಷ್ಟು ಅಪರೂಪವೆಂದು ತಮಗೆ ಗೊತ್ತಿರಲಾರದು. ಆಕೆಗೆ ಕಲಿಸುವ ಆಸೆ ಬಹಳ ದಿನದಿಂದಲೂ ಇತ್ತು. ಮಂಡಿನೋವಿನಿಂದ ಹೊರಗೆ ಹೋಗಲಾಗದೆ, ಮನೆಯಲ್ಲೇ ಕೂತು ಶನಿವಾರ ನಾಲ್ಕು ಗಂಟೆಗೆ ಕಂಪ್ಯೂಟರಿನ ಮುಂದೆ ಪಾಠ ಶುರುಮಾಡಿದಳು. ಹನ್ನೊಂದು ಮಂದಿ ಸೇರಿದರು. ಮೊದಲ ದಿನ ಆಕೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಚೂರುಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟು, ಕ್ಯಾಮೆರಾ ಮುಂದೆ ಕೂತು ಗಂಟಲು ಸರಿಮಾಡಿಕೊಂಡದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಅಷ್ಟು ಖುಷಿಯಾಗಿ ನಾನು ಆಕೆಯನ್ನು ಕಂಡು ಎಷ್ಟೋ ಕಾಲವಾಗಿತ್ತು.

ಹದಿನೇಳನೇ ನಿಮಿಷಕ್ಕೆ ತಾವು ಕಣ್ಣು ಮುಚ್ಚಿದಿರಿ. ಸರಿಯಾಗಿ ಕಾಲರಿನ ಮೂಲೆ ತಿರುಗಿಸುವ ಹೊತ್ತು ಅದು. ಅಷ್ಟರವರೆಗೆ ಹೇಳಿದ್ದೆಲ್ಲ ಯಾರಿಗಾದರೂ ಗೊತ್ತಿರುವಂಥದ್ದೇ, ಆ ಮೂಲೆ ತಿರುಗಿಸುವುದೊಂದೇ ಆಕೆಯ ವಿದ್ಯೆ. ತಾವು ಮತ್ತೆ ಎಚ್ಚರಗೊಳ್ಳಲು ಹತ್ತು ನಿಮಿಷ, ಎಚ್ಚರಗೊಂಡ ಮೇಲೆ ಮತ್ತೆ ಹದಿನೇಳು ನಿಮಿಷದ ಆಯುಸ್ಸು. ಹೀಗೆ ಐದು ಶನಿವಾರ ಚಾಚೂ ತಪ್ಪದೆ ನಡೆಯಿತು. ಇಂಥ ಸಮಯಪಾಲನೆ ನಮ್ಮ ಇಲಾಖೆಯಲ್ಲಿ ಇದ್ದಿದ್ದರೆ ನಾನು ದೊಡ್ಡ ಅಧಿಕಾರಿಯಾಗಿ ನಿವೃತ್ತನಾಗುತ್ತಿದ್ದೆ. ಹನ್ನೊಂದು ಮಂದಿ ಒಂಬತ್ತಾದರು, ಆರಾದರು, ಈಗ ನಾಲ್ವರು ಉಳಿದಿದ್ದಾರೆ. ಈ ಶನಿವಾರವೂ ಪಾಠ ಕಡಿದುಹೋದರೆ ನಿಲ್ಲಿಸಿಬಿಡುತ್ತೇನೆ ಎಂದು ಆಕೆ ನಿನ್ನೆ ಊಟ ಬಡಿಸುತ್ತಾ ಹೇಳಿದಳು. ಕೋಪದಿಂದ ಹೇಳಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ತಮ್ಮ ಕಂಪನಿಯ ಗ್ರಾಹಕ ಸೇವೆಯ ಹೆಣ್ಣುಮಗಳ ಬಗ್ಗೆ ಎರಡು ಮಾತು ಹೇಳದಿದ್ದರೆ ಕೃತಘ್ನನಾದೇನು. ಆಕೆ ನಾನು ಬಾಯಿ ತೆರೆಯುವ ಮೊದಲೇ ಸ್ವಿಚ್ ಆರಿಸಿ, ಮೂವತ್ತು ಎಣಿಸಿ, ಮತ್ತೆ ಹಾಕಿ ಎನ್ನುತ್ತಾಳೆ. ಸ್ವಿಚ್ ಆರಿಸು ಎಂದು ನನಗೆ ಬುದ್ಧಿ ಹೇಳಿದ ಸಂಸ್ಥೆ ಜೀವಮಾನದಲ್ಲಿ ಇದೊಂದೇ. ಆ ಒಂದು ಮಾತಿಗೆ ನಾನು ತಮ್ಮವರಿಗೆ ಮನಸೋತೆ. ಆರಿಸಿದೆ, ಎಣಿಸಿದೆ, ಹಾಕಿದೆ. ಹತ್ತನೇ ಸಲ ಫೋನು ಮಾಡಿದಾಗ ಆಕೆ, ತಮ್ಮ ಒಳಗಿನ ಬುದ್ಧಿ ಹಳೆಯದಾಗಿದೆ, ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ, ಆ ಹದಿನೇಳು ನಿಮಿಷದ ಕಾಯಿಲೆಗೆ ಹೊಸ ಫರ್ಮ್‌ವೇರ್‌ನಲ್ಲಿ ಮದ್ದಿದೆ, ಅಪ್‌ಡೇಟ್ ಗುಂಡಿ ಒತ್ತಿ ಇಪ್ಪತ್ತು ನಿಮಿಷ ಹಾಗೇ ಬಿಟ್ಟುಬಿಡಿ ಎಂದಳು.

ಬಿಟ್ಟೆ, ಸ್ವಾಮೀ. ಐದು ಸಲ ಬಿಟ್ಟೆ. ಮನೆಯಾಕೆಗೆ ಕಿರಿಕಿರಿಯಾಗಬಾರದೆಂದು ಆಕೆ ಅಡುಗೆಮನೆಯಲ್ಲಿರುವ ಹೊತ್ತು ನೋಡಿ, ಲ್ಯಾಪ್‌ಟಾಪಿನಲ್ಲಿ ಗುಂಡಿ ಒತ್ತಿ, ತಮಗೆ ತೊಂದರೆ ಕೊಡದೆ ಹೊರಗೆ ಬಂದು ಪೇಪರು ಓದುತ್ತಾ ಕೂತೆ. ಹೋಗಿ ನೋಡಿದರೆ ತೆರೆಯ ಮೇಲಿನ ಹಸಿರು ಗೆರೆ ಮೊದಲ ಸಲ ಶೇಕಡಾ ಮೂರಕ್ಕೆ ನಿಂತಿತ್ತು, ಎರಡನೇ ಸಲ ನಾಲ್ಕಕ್ಕೆ. ಮೂರನೇ ಸಲ ಪ್ರೀತಿಯಿಂದ ಸ್ವಲ್ಪ ಹೊತ್ತು ಮುಂದೆ ಕೂತೆ, ನಲವತ್ತರವರೆಗೆ ಬಂದಿರಿ. ಧೈರ್ಯವಾಗಿ ಎದ್ದು ಬಂದೆ, ಅಲ್ಲಿಗೇ ನಿಂತಿರಿ. ಪ್ರತಿಸಲವೂ ಅಪ್‌ಡೇಟ್ ವಿಫಲವಾಗಿದೆ, ಹಳೆಯ ಆವೃತ್ತಿಗೆ ಮರಳಲಾಗಿದೆ ಎಂಬ ಸಂದೇಶ. ತಾವು ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ.

ನನಗೆ ಇದರಿಂದ ತಮ್ಮ ಸ್ವಭಾವ ಅರ್ಥವಾಗಿದೆ. ತಮಗೆ ಒಂಟಿತನ ಸಹಿಸದು. ಹೊಲಿಗೆ ಕೋಣೆಯಲ್ಲಿ ನಾವಿದ್ದರೆ ನಮ್ಮ ಫೋನುಗಳಿಗೆ ಇಂಟರ್ನೆಟ್ ಕೊಡುತ್ತೀರಿ, ಕೋಣೆ ಬಿಟ್ಟು ಅಡುಗೆಮನೆಗೆ ಹೋದೊಡನೆ ಮುನಿಸಿಕೊಂಡು ಮುಖ ತಿರುಗಿಸುತ್ತೀರಿ, ಮತ್ತೆ ಒಳಗೆ ಬಂದರೆ ಸ್ವಲ್ಪ ಹೊತ್ತಿಗೆ ಸಮಾಧಾನವಾಗುತ್ತದೆ. ನಮ್ಮ ಮೊಮ್ಮಗಳು ಎರಡು ವರ್ಷದವಳಿದ್ದಾಗ ಹೀಗೇ ಮಾಡುತ್ತಿದ್ದಳು, ಆಮೇಲೆ ತಿದ್ದಿಕೊಂಡಳು. ಆದ್ದರಿಂದ ತಮ್ಮಲ್ಲಿ ವಿನಮ್ರ ಬೇಡಿಕೆಗಳು. ತಾವು ಶನಿವಾರ ನಾಲ್ಕರಿಂದ ಐದರವರೆಗೆ ಉಸಿರು ಬಿಗಿಹಿಡಿದುಕೊಳ್ಳಬೇಕು, ವಾರದ ಉಳಿದ ಎಲ್ಲ ಗಂಟೆಗಳನ್ನೂ ನಿದ್ದೆಗೆ ಬಿಟ್ಟುಕೊಡುತ್ತೇವೆ. ಅಷ್ಟೂ ಆಗದಿದ್ದರೆ ಹದಿನಾರನೇ ನಿಮಿಷಕ್ಕೆ ಕೆಮ್ಮಿ ಸೂಚನೆ ಕೊಡಬೇಕು. ಅದೂ ಆಗದಿದ್ದರೆ ಗೋಡೆಯಿಂದ ತಾವೇ ಇಳಿದು, ಆ ನಾಲ್ವರ ಮನೆಗೂ ನಡೆದುಹೋಗಿ, ಕಾಲರಿನ ಮೂಲೆ ಹೇಗೆ ತಿರುಗಿಸಬೇಕೆಂದು ಖುದ್ದಾಗಿ ತೋರಿಸಿ ಬರಬೇಕು.

ಇಲ್ಲಿಯವರೆಗೆ ಬರೆದದ್ದು ಗುರುವಾರ ಬೆಳಿಗ್ಗೆ. ಕಂಪನಿಗೊಂದು, ಪತ್ರಿಕೆಗೊಂದು ಪ್ರತಿ ಕಳಿಸುವ ಆಲೋಚನೆಯಿತ್ತು, ಲಕೋಟೆಯ ಮೇಲೆ ವಿಳಾಸವನ್ನೂ ಬರೆದಿದ್ದೆ. ಇನ್ನು ಮುಂದಿನದನ್ನು ಶನಿವಾರ ಸಂಜೆ, ಬೇರೆ ಪೆನ್ನಿನಲ್ಲಿ, ಬೇರೆ ಮುಖ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೇಲಿನದನ್ನು ಹರಿದು ಹಾಕಬಹುದಿತ್ತು. ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸ ಮೀಟರ್ ರೀಡರುಗಳಿಗೆ ಇಲ್ಲ.

ಇವತ್ತು ಮಧ್ಯಾಹ್ನ ಎರಡೂವರೆಗೆ ಆರನೇ ಪ್ರಯತ್ನಕ್ಕೆ ಕೂತೆ. ಈ ಸಲ ತಮ್ಮನ್ನು ಒಂಟಿಯಾಗಿ ಬಿಡಬಾರದೆಂದು ಎದುರಿಗೇ ಕುರ್ಚಿ ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಮೂವತ್ತು ದಾಟಿದಿರಿ, ಅರವತ್ತು ದಾಟಿದಿರಿ, ತೊಂಬತ್ತೊಂದಕ್ಕೆ ಬಂದಿರಿ. ಆಗ ಬಾಗಿಲ ಗಂಟೆ ಹೊಡೆದುಕೊಂಡಿತು, ಕೊರಿಯರ್‌ನವನು. ಎದ್ದು ಕೋಣೆಯ ಬಾಗಿಲಿಗೆ ಬಂದೆ. ಮನೆಯಾಕೆ ಮೇಜಿನ ಆಚೆ ನೆಲದ ಮೇಲೆ ಕೂತು ಬಟ್ಟೆ ಕತ್ತರಿಸುತ್ತಿದ್ದುದು ನನಗೆ ಮರೆತೇಹೋಗಿತ್ತು. ಹಿಂದಿನಿಂದ ಆಕೆಯ ಧ್ವನಿ ಬಂತು:

“ರೀ, ನಿಮ್ಮ ಕೈ ಎಲ್ಲಿದೆ ನೋಡ್ಕೊಳ್ಳಿ.”

ನೋಡಿಕೊಂಡೆ. ನನ್ನ ಬಲಗೈ ಸ್ವಿಚ್‌ಬೋರ್ಡಿನ ಮೇಲಿತ್ತು. ನಾಲ್ಕೂ ಸ್ವಿಚ್ಚುಗಳು ಕೆಳಗಿದ್ದವು, ಅಲ್ಲ, ಮೇಲಿದ್ದವು, ಒಟ್ಟಿನಲ್ಲಿ ಆರಿದ್ದವು. ತಲೆಯ ಮೇಲೆ ಫ್ಯಾನು ನಿಧಾನವಾಗುತ್ತಿತ್ತು. ತಾವು ಕತ್ತಲಾಗಿದ್ದಿರಿ.

ಮಾನ್ಯರೇ, ಅಂಗೈಯನ್ನು ಒಮ್ಮೆ ಸವರಿ ಇಡೀ ಬೋರ್ಡನ್ನು ಆರಿಸುವುದು, ಒಳಗೆ ಬರುವಾಗ ಹಾಗೇ ಸವರಿ ಹಾಕುವುದು ನಮ್ಮಿಬ್ಬರಿಗೂ ರೂಢಿಯಾಗಿ ಎಷ್ಟು ವರ್ಷವಾಯಿತೋ, ಅದು ಕೈಗೆ ಗೊತ್ತು, ತಲೆಗೆ ಗೊತ್ತೇ ಆಗುವುದಿಲ್ಲ. ಮೂರು ಸ್ವಿಚ್ಚು ದೀಪಕ್ಕೆ, ಫ್ಯಾನಿಗೆ, ಇಸ್ತ್ರಿ ಪೆಟ್ಟಿಗೆಗೆ; ನಾಲ್ಕನೆಯದು ಖಾಲಿ ಇತ್ತೆಂದು ತಮ್ಮನ್ನು ಕೂರಿಸಲು ಬಂದ ತಂತ್ರಜ್ಞ ತಮ್ಮ ಪ್ಲಗ್ಗನ್ನು ಅಲ್ಲಿಗೇ ಚುಚ್ಚಿ ಹೋಗಿದ್ದ. ತಮ್ಮ ಒಂಟಿತನ, ತಮ್ಮ ಮುನಿಸು, ಶೇಕಡಾ ಮೂರು, ಶೇಕಡಾ ನಲವತ್ತು, ಎಲ್ಲವೂ ಈ ಅಂಗೈಯ ಕೆಲಸ. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ಬಾಗಿಲಲ್ಲಿ ಕೊರಿಯರ್‌ನವನು ಇನ್ನೂ ಗಂಟೆ ಬಾರಿಸುತ್ತಿದ್ದ.

ಆಕೆ ಬೈಯುತ್ತಾಳೆಂದು ಕಾದೆ. ಆಕೆ ಗಡಿಯಾರ ನೋಡಿದಳು, ಎರಡೂ ಮುಕ್ಕಾಲು. ಒಂದು ಹಳೆಯ ಶರ್ಟು ತಂದು ನನ್ನ ತೊಡೆಯ ಮೇಲೆ ಹಾಕಿ, ಇದರ ಕಾಲರಿನ ಹೊಲಿಗೆ ಒಂದೊಂದಾಗಿ ಬಿಚ್ಚಿ, ಬಟ್ಟೆ ಹರಿಯಬಾರದು, ಮುಗಿಯುವವರೆಗೆ ಏಳಬಾರದು ಎಂದಳು. ಮೂವತ್ತು ವರ್ಷದ ಅನುಭವದ ದರ್ಜಿ ಹೊಲಿದ ಕಾಲರನ್ನು ಬಿಚ್ಚುವುದೆಂದರೆ ಏನೆಂದು ತಮಗೆ ತಿಳಿಯದು. ಎರಡೂ ಕೈಯ ಹತ್ತೂ ಬೆರಳು ಬೇಕು. ಏಳನೇ ಸಲ ಗುಂಡಿಯನ್ನು ಆಕೆಯೇ ಒತ್ತಿದಳು. ನಾನು ಒಂದು ಬದಿಯ ಹೊಲಿಗೆಯನ್ನೂ ಪೂರ್ತಿ ಬಿಚ್ಚಿರಲಿಲ್ಲ, ತಾವು ನೂರಕ್ಕೆ ನೂರು ಮುಗಿಸಿ ಹೊಸ ಬುದ್ಧಿಯೊಂದಿಗೆ ಎದ್ದು ಕೂತಿದ್ದಿರಿ.

ನಾಲ್ಕಕ್ಕೆ ಪಾಠ ಶುರುವಾಯಿತು. ನಾನು ಬಾಗಿಲಾಚೆ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದೆ. ಹದಿನಾರನೇ ನಿಮಿಷ ದಾಟಿದಾಗ ಆಕೆ ಮಾತು ನಿಲ್ಲಿಸಿದಳು, ಆ ನಾಲ್ವರೂ ಸೂಜಿ ಕೆಳಗಿಟ್ಟರು, ಎಲ್ಲರಿಗೂ ಅಭ್ಯಾಸವಾಗಿಹೋಗಿತ್ತು. ಹದಿನೇಳಾಯಿತು. ಹದಿನೆಂಟಾಯಿತು. ಆಕೆ ಒಂದು ಉಸಿರು ಬಿಟ್ಟು, ಸರಿ, ಈಗ ಮೂಲೆ ತಿರುಗಿಸೋಣ ಎಂದಳು. ನನಗೆ ಅಲ್ಲೇ ಕುಣಿಯಬೇಕೆನಿಸಿತು, ಮಂಡಿ ನನಗೂ ನೆಟ್ಟಗಿಲ್ಲವಾಗಿ ಸುಮ್ಮನಾದೆ. ಕೊನೆಗೆ ಒಬ್ಬಾಕೆ ತಾನು ಹೊಲಿದ ಕಾಲರನ್ನು ಕ್ಯಾಮೆರಾ ಮುಂದೆ ಹಿಡಿದು, ಮೇಡಂ, ಇಷ್ಟು ದಿನ ಏನಾಗಿತ್ತು ಎಂದು ಕೇಳಿದಳು.

“ಮೋಡೆಮ್ ಹಟ ಮಾಡ್ತಿತ್ತಮ್ಮ,” ಎಂದಳು ನಮ್ಮ ಮನೆಯಾಕೆ. “ಆರು ಸಲ ಸೋತ್ರೂ ಬಿಡದೆ, ನಮ್ಮ ಯಜಮಾನ್ರೇ ಕೂತು ಸರಿ ಮಾಡಿದ್ರು.”

ನಾಲ್ವರೂ ಚಪ್ಪಾಳೆ ತಟ್ಟಿದರು. ಮಾನ್ಯರೇ, ನನ್ನ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ಸಂಕೋಚವೇನಿಲ್ಲ. ಪಾಠ ಮುಗಿಸಿ ಹೊರಬಂದವಳು ಟೀ ಮಾಡಲು ಹೋದಳು. ಆಕೆ ನನ್ನ ಮಾನ ಉಳಿಸಿದಳು, ಪೂರ್ತಿ ತಪ್ಪು ತಮ್ಮ ತಲೆಗೆ ಬಂತು. ಹದಿನೇಳು ನಿಮಿಷದ ಕಾಯಿಲೆ ತಮ್ಮದೇ, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಆರು ಸಲದ ಸೋಲು ನನ್ನದು, ಆ ಚಪ್ಪಾಳೆ ನನ್ನದಲ್ಲ. ಸುಮ್ಮನಿದ್ದುಬಿಡಬಹುದಿತ್ತು, ಟೀ ಲೋಟ ಬದಿಗಿಟ್ಟು ಈ ಪತ್ರವನ್ನು ಮತ್ತೆ ಕೈಗೆತ್ತಿಕೊಂಡೆ.

ಆದ್ದರಿಂದ ಈ ಬಹಿರಂಗ ಪತ್ರವನ್ನು ಬರುವ ಶನಿವಾರ ನಾಲ್ಕು ಗಂಟೆಗೆ ಆಕೆಯ ವಿದ್ಯಾರ್ಥಿಗಳ ಮುಂದೆ, ಕ್ಯಾಮೆರಾದ ಎದುರು ನಿಂತು, ನಾನೇ ಓದುವವನಿದ್ದೇನೆ. ಬಿಟ್ಟುಹೋದ ಏಳು ಮಂದಿಗೂ ಆಕೆ ಫೋನು ಮಾಡಿದ್ದಾಳೆ, ಐವರು ಮತ್ತೆ ಬರುತ್ತೇವೆ ಎಂದಿದ್ದಾರೆ. ಓದಿ ಮುಗಿಸಲು ನನಗೆ ಹೆಚ್ಚುಕಡಿಮೆ ಇಪ್ಪತ್ತೈದು ನಿಮಿಷ ಬೇಕು, ಕೈಯ ಸಂಗತಿ ಬರುವುದು ಸರಿಸುಮಾರು ಹದಿನೇಳನೇ ನಿಮಿಷಕ್ಕೇ. ಆ ಗಳಿಗೆಯಲ್ಲಿ ತಾವು ಹಳೆಯ ಪದ್ಧತಿಯಂತೆ ಕಣ್ಣು ಮುಚ್ಚಿದರೆ ಈ ಲೋಕದಲ್ಲಿ ನನ್ನಷ್ಟು ಸಂತೋಷಪಡುವವನು ಇನ್ನೊಬ್ಬನಿಲ್ಲ. ಆದರೂ ಕೈಮುಗಿದು ಕೇಳುತ್ತೇನೆ, ದಯವಿಟ್ಟು ಮುಚ್ಚಬೇಡಿ.

ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿರುವ,
ತಮ್ಮ ವಿಶ್ವಾಸಿ

ಮರೆತಿದ್ದ ಮಾತು: ಅಪ್‌ಡೇಟ್ ನಡೆಯುವಾಗ ಸ್ವಿಚ್ ಆರಿಸಬಾರದು ಎಂಬ ಎಚ್ಚರಿಕೆ ಎಲ್ಲಿಯಾದರೂ ಇದೆಯೇ ಎಂದು ಈಗಷ್ಟೇ ತಮ್ಮನ್ನು ಮೊಳೆಯಿಂದ ಇಳಿಸಿ ನೋಡಿದೆ. ಇದೆ. ದೊಡ್ಡ ಅಕ್ಷರದಲ್ಲಿ, ಕೆಂಪು ಬಣ್ಣದಲ್ಲಿ, ತಮ್ಮ ಬೆನ್ನಿನ ಮೇಲೆ, ಗೋಡೆಗೆ ಒತ್ತಿಕೊಳ್ಳುವ ಬದಿಯಲ್ಲಿ ಮುದ್ರಿಸಿದ್ದಾರೆ. ಅದನ್ನು ಮುದ್ರಿಸಿದ ಮಹಾನುಭಾವರಿಗೆ ನನ್ನ ಅಭಿನಂದನೆಗಳನ್ನು ತಲುಪಿಸಿ: ನಮ್ಮ ಗೋಡೆ ಅದನ್ನು ಎರಡು ತಿಂಗಳಿಂದ ಶ್ರದ್ಧೆಯಿಂದ ಓದುತ್ತಿದೆ, ಇದುವರೆಗೆ ಒಮ್ಮೆಯೂ ಸ್ವಿಚ್ ಆರಿಸಿಲ್ಲ.